ಮೊಣಕೈ ಮುರಿತಗಳ ಶಸ್ತ್ರಚಿಕಿತ್ಸೆ: ಮೂಳೆ ಜೋಡಿಸುವ ವಿಧಾನಗಳ ತುಲನೆ

ಮೊಣಕೈ ಮುರಿತ : ಮೇಲ್ತೋಳಿನ ಹ್ಯೂಮರಸ್ ಮೂಳೆಯ ಕೆಳತುದಿ, ಮುಂಗೈಯಲ್ಲಿ ಕಿರುಬೆರಳ ಬದಿಗಿರುವ ಅಲ್ನಾ ಮೂಳೆಯ ಮೇಲ್ತುದಿ, ಹೆಬ್ಬೆರಳ ಬದಿಗಿರುವ ರೇಡಿಯಸ್ ಮೂಳೆಯ ತಲೆ ಇವುಗಳಲ್ಲಿ ಒಂದೋ ಹಲವೋ ಮುರಿಯುವುದು. ಮಕ್ಕಳಲ್ಲಿ ಆಟವಾಡುವಾಗ ಕೈಯೂರಿ ಬಿದ್ದು, ಯುವಕರಲ್ಲಿ ವಾಹನ ಅಪಘಾತಗಳಿಂದ, ವಯಸ್ಸಾದವರಲ್ಲಿ ಮನೆಯೊಳಗೇ ಜಾರಿಬಿದ್ದು ಈ ಪೆಟ್ಟು ಆಗುವುದು ಹೆಚ್ಚು. ಚೂರುಗಳು ಜಾಗ ಬಿಟ್ಟು ಸರಿಯದಿದ್ದರೆ ಪಟ್ಟಿ ಅಥವಾ ಪ್ಲಾಸ್ಟರ್ ಸಾಕಾಗುತ್ತದೆ. ಸರಿದಿದ್ದರೆ ತಂತಿ, ಸ್ಕ್ರೂ, ಪ್ಲೇಟು, ಗಟ್ಟಿ ಹೊಲಿಗೆದಾರ, ಹೊರಚೌಕಟ್ಟು ಅಥವಾ ಕೃತಕ ಕೀಲಿನ ನೆರವು ಬೇಕಾಗುತ್ತದೆ.

ಬೇರೆ ಕೀಲುಗಳಿಗಿಂತ ಮೊಣಕೈ ಬೇಗ ಬಿಗಿದುಕೊಳ್ಳುತ್ತದೆ. ಮೂಳೆ ಕೂಡಲೆಂದು ದೊಡ್ಡವರ ಮೊಣಕೈಯನ್ನು ಮೂರು ವಾರಕ್ಕಿಂತ ಹೆಚ್ಚು ಕದಲಿಸದೆ ಇಟ್ಟರೆ, ಕೂಡಿದ ಮೇಲೂ ಅದು ಪೂರ್ತಿ ಮಡಚದೆ, ಪೂರ್ತಿ ಚಾಚದೆ ಉಳಿಯಬಹುದು. ಜೋಡಣೆ ಸಡಿಲವಾಗಿದ್ದಾಗಲೇ ಆಡಿಸಿದರೆ ಚೂರುಗಳು ಮತ್ತೆ ಸರಿಯುತ್ತವೆ. ಆದ್ದರಿಂದ ಇಲ್ಲಿ ಯಾವುದೇ ವಿಧಾನವನ್ನು ಎರಡು ಪ್ರಶ್ನೆ ಕೇಳಿ ತೂಗಬೇಕು. ಕೀಲನ್ನು ಬೇಗ ಆಡಿಸಲು ಅದು ಎಷ್ಟು ಆಸರೆ ಕೊಡುತ್ತದೆ? ಆ ಆಸರೆಗಾಗಿ ನರ, ಚರ್ಮ, ಮೂಳೆ ತೆರುವ ಬೆಲೆ ಎಷ್ಟು?

ರಚನೆ

ಮೊಣಕೈ ಒಂದೇ ಕೀಲಿನಂತೆ ಕಂಡರೂ ಅದರಲ್ಲಿ ಮೂರು ಕೀಲುಗಳಿವೆ. ಹ್ಯೂಮರಸ್ ಮತ್ತು ಅಲ್ನಾ ಸೇರುವಲ್ಲಿ ಕೈ ಮಡಚಿ ಚಾಚಿಕೊಳ್ಳುತ್ತದೆ. ರೇಡಿಯಸ್ ತಲೆಯು ಹ್ಯೂಮರಸ್ ಮತ್ತು ಅಲ್ನಾಗಳೆರಡಕ್ಕೂ ತಾಗಿ ತಿರುಗುವುದರಿಂದ ಅಂಗೈಯನ್ನು ಮೇಲ್ಮುಖ, ಕೆಳಮುಖ ಮಾಡಲಾಗುತ್ತದೆ. ಹ್ಯೂಮರಸ್ಸಿನ ಕೆಳತುದಿಯಲ್ಲಿ ಒಳಬದಿ ಮತ್ತು ಹೊರಬದಿಯ ಎರಡು ಮೂಳೆಕಂಬಗಳಿದ್ದು, ಬಾವಿಯ ರಾಟೆಯನ್ನು ಹೋಲುವ ಟ್ರಾಕ್ಲಿಯಾ ಅವುಗಳ ನಡುವೆ ಕೂತಿದೆ. ಅಲ್ನಾದ ಹಿಂಭಾಗದಲ್ಲಿ ಓಲೆಕ್ರೆನಾನ್, ಮುಂಭಾಗದಲ್ಲಿ ಕೊರೊನಾಯ್ಡ್ ಎಂಬ ಚಾಚುಗಳು ಆ ರಾಟೆಯನ್ನು ಹಿಡಿದುಕೊಂಡಿವೆ. ಒಳ ಮತ್ತು ಹೊರ ಬದಿಯ ಲಿಗಮೆಂಟುಗಳು ಕೀಲು ಪಕ್ಕಕ್ಕೆ ಜಾರದಂತೆ ಕಾಯುತ್ತವೆ.

ಶಸ್ತ್ರವೈದ್ಯರಿಗೆ ಇಲ್ಲಿ ಓಡಾಡಲು ಜಾಗ ಕಡಿಮೆ. ಅಲ್ನಾರ್ ನರ ಒಳಬದಿಯ ಮೂಳೆಗಂಟಿನ ಹಿಂದೆ, ಚರ್ಮದಡಿಯಲ್ಲೇ ಹಾದುಹೋಗುತ್ತದೆ. ತೋಳಿನ ಮುಖ್ಯ ಧಮನಿ ಮತ್ತು ಮೀಡಿಯನ್ ನರ ಮುಂಭಾಗದಲ್ಲಿವೆ. ರೇಡಿಯಲ್ ನರದ ಆಳದ ಕವಲು ರೇಡಿಯಸ್ ಕೊರಳನ್ನು ಸುತ್ತಿಕೊಂಡು ಸಾಗುತ್ತದೆ. ಹಿಂಬದಿಯಲ್ಲಿ ಮಾಂಸದ ಹೊದಿಕೆ ತೀರಾ ತೆಳು, ಹಾಗಾಗಿ ಅಲ್ಲಿ ಕೂರಿಸಿದ ಲೋಹ ಚರ್ಮಕ್ಕೆ ಒತ್ತುತ್ತದೆ.

ಆರೋಗ್ಯವಂತ ಮೊಣಕೈ ನೇರ ಸ್ಥಿತಿಯಿಂದ ಸುಮಾರು 140 ಡಿಗ್ರಿವರೆಗೆ ಮಡಚುತ್ತದೆ. ಅಮೆರಿಕದ ಬರ್ನಾರ್ಡ್ ಮೊರೆ ಮತ್ತು ಸಹೋದ್ಯೋಗಿಗಳು 1981ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದಿನನಿತ್ಯದ ಹೆಚ್ಚಿನ ಕೆಲಸಗಳಿಗೆ 30ರಿಂದ 130 ಡಿಗ್ರಿಯ ಮಡಚುವಿಕೆ, ಎರಡೂ ದಿಕ್ಕಿಗೆ 50 ಡಿಗ್ರಿಯಷ್ಟು ತಿರುಗುವಿಕೆ ಸಾಕು. ತುತ್ತು ಬಾಯಿಗೆ ಹೋಗುವುದು, ತಲೆ ಬಾಚುವುದು, ಅಂಗಿಯ ಗುಂಡಿ ಹಾಕುವುದು ಈ ವ್ಯಾಪ್ತಿಯೊಳಗೇ ನಡೆಯುತ್ತವೆ. ಶಸ್ತ್ರಚಿಕಿತ್ಸೆಯ ಫಲವನ್ನು ಅಳೆಯಲು ಇಂದಿಗೂ ಇದೇ ಗುರಿಯನ್ನು ಇಟ್ಟುಕೊಳ್ಳುತ್ತಾರೆ.

ಹಿನ್ನೆಲೆ

1895ರಲ್ಲಿ ಎಕ್ಸ್‌ರೇ ಕಂಡುಹಿಡಿಯುವವರೆಗೆ ಮೊಣಕೈಯೊಳಗೆ ಏನು ಮುರಿದಿದೆ ಎಂಬುದನ್ನು ಬೆರಳಿನ ಸ್ಪರ್ಶದಿಂದಲೇ ಊಹಿಸಬೇಕಿತ್ತು. ಜರ್ಮನಿಯ ಮಾರ್ಟಿನ್ ಕಿರ್ಷ್ನರ್ 1909ರಲ್ಲಿ ಬಳಕೆಗೆ ತಂದ ನಯವಾದ ಉಕ್ಕಿನ ತಂತಿ, ಅಂದರೆ ಈಗಿನ ಕೆ-ವೈರ್, ಮೊದಲು ಮುರಿದ ಕಾಲನ್ನು ಎಳೆದು ತೂಗುಹಾಕಲು ಉಪಯೋಗವಾಯಿತು. ಚರ್ಮದ ಮೂಲಕ ಅದನ್ನು ತೂರಿಸಿ ಮಕ್ಕಳ ಮೊಣಕೈ ಮುರಿತ ಹಿಡಿದಿಡುವ ಕ್ರಮವನ್ನು ಸ್ವೆನ್ಸನ್ 1948ರಲ್ಲಿ ವರದಿ ಮಾಡಿದರು. 1958ರಲ್ಲಿ ಸ್ವಿಟ್ಜರ್ಲೆಂಡಿನ ಬೀಲ್ ನಗರದಲ್ಲಿ ಮೌರಿಸ್ ಮ್ಯೂಲರ್, ಮಾರ್ಟಿನ್ ಆಲ್ಗೋವರ್ ಮುಂತಾದವರು ಎಓ ಎಂಬ ಶಸ್ತ್ರವೈದ್ಯರ ಗುಂಪನ್ನು ಕಟ್ಟಿದರು. ಕೀಲಿನ ಮೇಲ್ಮೈಯನ್ನು ಇದ್ದಂತೆಯೇ ಕೂಡಿಸುವುದು, ಗಟ್ಟಿಯಾಗಿ ಹಿಡಿದಿಡುವುದು, ರಕ್ತಪೂರೈಕೆ ಉಳಿಸುವುದು, ಬೇಗ ಆಡಿಸುವುದು ಎಂಬ ಅದರ ಸೂತ್ರಗಳು ಮೊಣಕೈಗೆ ಚೆನ್ನಾಗಿ ಒಪ್ಪಿದವು. ಅಲ್ಲಿಯವರೆಗೆ ನುಚ್ಚುನೂರಾದ ಮುರಿತಕ್ಕೆ ಜೋಳಿಗೆ ಕಟ್ಟಿ, ಬಂದಷ್ಟು ಚಲನೆಗೆ ತೃಪ್ತಿಪಡುವುದು ರೂಢಿಯಲ್ಲಿತ್ತು.

ಮಕ್ಕಳಲ್ಲಿ: ತಂತಿಗಳ ಆಯ್ಕೆ

ಮಕ್ಕಳ ಮೊಣಕೈ ಮುರಿತಗಳಲ್ಲಿ ಸುಪ್ರಾಕಾಂಡೈಲರ್ ಮುರಿತವೇ ಹೆಚ್ಚು. ಐದರಿಂದ ಏಳು ವರ್ಷದ ಮಗು ಚಾಚಿದ ಕೈಯ ಮೇಲೆ ಬಿದ್ದಾಗ ಹ್ಯೂಮರಸ್ಸಿನ ತೆಳುವಾದ ಕೆಳಭಾಗ ಅಡ್ಡಲಾಗಿ ಮುರಿದು, ಕೆಳಚೂರು ಹೆಚ್ಚಾಗಿ ಹಿಂದಕ್ಕೆ ಸರಿಯುತ್ತದೆ. ಗಾರ್ಟ್‌ಲ್ಯಾಂಡ್ 1959ರಲ್ಲಿ ಇದನ್ನು ಮೂರು ವರ್ಗ ಮಾಡಿದರು: ಸರಿಯದ ಮುರಿತ, ಹಿಂಬದಿಯ ಅಂಚು ಹಿಡಿದುಕೊಂಡೇ ಬಾಗಿದ ಮುರಿತ, ಪೂರ್ತಿ ಬೇರ್ಪಟ್ಟ ಮುರಿತ. ಮೊದಲನೆಯದಕ್ಕೆ ಪ್ಲಾಸ್ಟರ್ ಸಾಕು. ಮೂರನೆಯದಕ್ಕೆ ಮತ್ತು ಎರಡನೆಯದರಲ್ಲಿ ಹೆಚ್ಚಿನವಕ್ಕೆ, ಅರಿವಳಿಕೆ ಕೊಟ್ಟು ಸಿ-ಆರ್ಮ್ ಎಕ್ಸ್‌ರೇ ನೋಡುತ್ತ ಮೂಳೆಯನ್ನು ಕೈಯಿಂದಲೇ ಕೂಡಿಸಿ, ಚರ್ಮದ ಮೂಲಕ ಕೆ-ವೈರ್ ತೂರಿಸುತ್ತಾರೆ. ಕೊಯ್ದು ತೆರೆಯಬೇಕಾಗುವುದು ಅಪರೂಪ. ಮೂರು-ನಾಲ್ಕು ವಾರಗಳಲ್ಲಿ ಹೊರರೋಗಿ ವಿಭಾಗದಲ್ಲೇ ತಂತಿ ತೆಗೆಯಬಹುದು.

ಚರ್ಚೆ ಇರುವುದು ತಂತಿಗಳನ್ನು ಯಾವ ಬದಿಯಿಂದ ಹಾಕಬೇಕು ಎಂಬುದರಲ್ಲಿ. ಒಳಬದಿಯಿಂದ ಒಂದು, ಹೊರಬದಿಯಿಂದ ಒಂದು ಹಾಕಿ ಅಡ್ಡ ಹಾಯಿಸುವುದು ಒಂದು ಕ್ರಮ. ಪ್ರಯೋಗಾಲಯದ ಪರೀಕ್ಷೆಗಳಲ್ಲಿ ತಿರುಚುವ ಬಲವನ್ನು ಇದು ಹೆಚ್ಚು ತಡೆದುಕೊಂಡಿದೆ. ಆದರೆ ಒಳಬದಿಯ ತಂತಿಯ ದಾರಿಯಲ್ಲೇ ಅಲ್ನಾರ್ ನರವಿದೆ. ಎರಡು ಅಥವಾ ಮೂರು ತಂತಿಗಳನ್ನೂ ಹೊರಬದಿಯಿಂದಲೇ ಹಾಕುವುದು ಇನ್ನೊಂದು ಕ್ರಮ.

ಡೇವಿಡ್ ಸ್ಕ್ಯಾಗ್ಸ್ ಮತ್ತು ಸಹೋದ್ಯೋಗಿಗಳು 2001ರಲ್ಲಿ 345 ಮುರಿತಗಳ ಅನುಭವ ಪ್ರಕಟಿಸಿದರು. ಮೂಳೆ ಕೂಡಿದ ಸ್ಥಿತಿಯನ್ನು ಕಾಯ್ದುಕೊಳ್ಳುವುದರಲ್ಲಿ ಎರಡು ಕ್ರಮಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಮೊಣಕೈಯನ್ನು ಪೂರ್ತಿ ಮಡಚಿ ಒಳಬದಿಯ ತಂತಿ ಹಾಕಿದ ಮಕ್ಕಳಲ್ಲಿ ಶೇ. 15ರಷ್ಟು ಮಂದಿಗೆ, ಹಾಗೆ ಮಡಚದೆ ಹಾಕಿದವರಲ್ಲಿ ಶೇ. 4ರಷ್ಟು ಮಂದಿಗೆ ಅಲ್ನಾರ್ ನರಕ್ಕೆ ಪೆಟ್ಟಾಗಿತ್ತು. ಮಡಚಿದಾಗ ಕೆಲವು ಮಕ್ಕಳಲ್ಲಿ ನರ ಮೂಳೆಗಂಟಿನ ಮುಂದಕ್ಕೆ ಜಾರುವುದೇ ಇದಕ್ಕೆ ಕಾರಣ. 2010ರಲ್ಲಿ ಸ್ಲೊಬೊಜಿಯನ್ ಮತ್ತು ತಂಡ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಿ, ಹೊರಬದಿ ತಂತಿಗಳ ಬದಲು ಅಡ್ಡ ತಂತಿ ಹಾಕಿದ ಪ್ರತಿ 28 ಮಕ್ಕಳಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ ಈ ನರದ ಪೆಟ್ಟು ಆಗುತ್ತದೆ ಎಂದರು. ಇಂಥ ಪೆಟ್ಟು ಹೆಚ್ಚಿನ ಮಕ್ಕಳಲ್ಲಿ ತಿಂಗಳುಗಳಲ್ಲಿ ವಾಸಿಯಾಗುತ್ತದೆ, ಕೆಲವರಲ್ಲಿ ಆಗುವುದಿಲ್ಲ.

ಹೊರಬದಿಯ ತಂತಿಗಳು ಯಶಸ್ವಿಯಾಗಬೇಕಾದರೆ ಅವು ಮುರಿದ ಗೆರೆಯ ಬಳಿ ಒಂದಕ್ಕೊಂದು ದೂರವಿರಬೇಕು. ಎದುರು ಬದಿಯ ಗಟ್ಟಿ ಮೂಳೆಯನ್ನು ದಾಟಬೇಕು. ಪೂರ್ತಿ ಬೇರ್ಪಟ್ಟ ಮುರಿತಕ್ಕೆ ಮೂರನೆಯ ತಂತಿ ಸೇರಿಸುವುದು ವಾಡಿಕೆ. ಇಷ್ಟಾದರೂ ಮೂಳೆ ತಿರುಚುತ್ತಿದ್ದರೆ, ಮೊಣಕೈಯನ್ನು ಸ್ವಲ್ಪ ಚಾಚಿಸಿ, ಒಳಬದಿಯಲ್ಲಿ ಚಿಕ್ಕದಾಗಿ ಕೊಯ್ದು, ನರವನ್ನು ಪಕ್ಕಕ್ಕಿಟ್ಟು ಆ ಕಡೆಯ ತಂತಿ ಹಾಕುವುದು ನ್ಯಾಯವಾದ ಕ್ರಮ. ಹ್ಯೂಮರಸ್ಸಿನ ಉದ್ದದ ಬೆಳವಣಿಗೆಯಲ್ಲಿ ಸುಮಾರು ಶೇ. 20 ಮಾತ್ರ ಕೆಳತುದಿಯಿಂದ ಬರುವುದರಿಂದ, ಇಲ್ಲಿ ವಕ್ರವಾಗಿ ಕೂಡಿದ ಮೂಳೆ ಮಗು ಬೆಳೆದಂತೆ ತಾನೇ ಸರಿಹೋಗುತ್ತದೆಂದು ನಂಬಿ ಕೂರಬಾರದು. ಕೈ ಒಳಕ್ಕೆ ಸೊಟ್ಟಗಾಗಿ ಉಳಿಯುತ್ತದೆ.

ಮಗುವಿನ ಕೈಯಲ್ಲಿ ನಾಡಿ ಸಿಗದಿದ್ದರೆ ಅದು ತುರ್ತುಸ್ಥಿತಿ. ಕೈ ಬೆಚ್ಚಗೆ ಕೆಂಪಗಿದ್ದರೆ ಕೂಡಲೇ ಮೂಳೆ ಕೂಡಿಸಿ ತಂತಿ ಹಾಕುತ್ತಾರೆ, ಬಹುಪಾಲು ಮಕ್ಕಳಿಗೆ ಅಷ್ಟರಲ್ಲಿ ರಕ್ತ ಹರಿವು ಸರಿಹೋಗುತ್ತದೆ. ಮೂಳೆ ಕೂಡಿಸಿದ ಮೇಲೂ ಕೈ ತಣ್ಣಗೆ ಬಿಳಿಚಿಕೊಂಡೇ ಇದ್ದರೆ ಧಮನಿಯನ್ನು ತೆರೆದು ನೋಡಬೇಕು. ತಡಮಾಡಿದರೆ ಮುಂಗೈಯ ಸ್ನಾಯುಗಳು ರಕ್ತವಿಲ್ಲದೆ ಸತ್ತು ಬೆರಳುಗಳು ಶಾಶ್ವತವಾಗಿ ಮುದುಡುತ್ತವೆ. ಜರ್ಮನ್ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲಿ ವಿವರಿಸಿದ ಸ್ಥಿತಿ ಇದೇ.

ಹ್ಯೂಮರಸ್ ಕೆಳತುದಿಯ ಹೊರಬದಿಯ ಗಂಟಿನ, ಅಂದರೆ ಕಾಂಡೈಲ್‌ನ, ಮುರಿತ ಇನ್ನೊಂದು ಬಗೆಯದು. ಅದು ಬೆಳವಣಿಗೆಯ ಪದರ ಮತ್ತು ಕೀಲಿನ ಮೇಲ್ಮೈ ಎರಡನ್ನೂ ಸೀಳುತ್ತದೆ. ಎರಡು ಮಿಲಿಮೀಟರಿಗಿಂತ ಹೆಚ್ಚು ಸರಿದಿದ್ದರೆ ಶಸ್ತ್ರಚಿಕಿತ್ಸೆ ಬೇಕೆನ್ನುವುದು ಸಾಮಾನ್ಯ ನಿಯಮ. ಕೆ-ವೈರ್ ಅಗ್ಗ, ತೆಗೆಯುವುದು ಸುಲಭ, ಆದರೆ ಹೊರಚಾಚಿದ ತುದಿಯಲ್ಲಿ ಸೋಂಕು ತಗಲಬಹುದು. ಸ್ಕ್ರೂ ಚೂರುಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತದೆ, ಆದರೆ ಅದನ್ನು ತೆಗೆಯಲು ಮತ್ತೊಮ್ಮೆ ಅರಿವಳಿಕೆ ಬೇಕು. ಈ ಮುರಿತ ಕೂಡದೆ ಉಳಿದರೆ ಕೈ ಹೊರಕ್ಕೆ ಸೊಟ್ಟಗಾಗಿ, ವರ್ಷಗಳ ನಂತರ ಅಲ್ನಾರ್ ನರ ಎಳೆದುಕೊಂಡು ಬೆರಳುಗಳ ಶಕ್ತಿ ಕುಂದಬಹುದು.

ವಯಸ್ಕರ ಹ್ಯೂಮರಸ್ ಕೆಳತುದಿ: ಎರಡು ಪ್ಲೇಟುಗಳ ಸ್ಥಾನ

ದೊಡ್ಡವರಲ್ಲಿ ಈ ಭಾಗ ಮುರಿದಾಗ ಎರಡೂ ಮೂಳೆಕಂಬಗಳು ಮತ್ತು ನಡುವಿನ ರಾಟೆ ಒಡೆದಿರುವುದು ಸಾಮಾನ್ಯ. ಕೆ-ವೈರ್ ಅಥವಾ ಒಂದೇ ಪ್ಲೇಟು ಇಲ್ಲಿ ಸಾಲದು. ಮೊದಲು ಕೀಲಿನ ಚೂರುಗಳನ್ನು ಸೇರಿಸಿ, ಬಳಿಕ ಆ ಜೋಡಿಯನ್ನು ಎರಡು ಪ್ಲೇಟುಗಳಿಂದ ಮೂಳೆಯ ದಂಡಕ್ಕೆ ಬಿಗಿಯುವುದು ಸ್ಥಾಪಿತ ಕ್ರಮ.

ಎಓ ಪರಂಪರೆಯಲ್ಲಿ ಒಂದು ಪ್ಲೇಟನ್ನು ಒಳ ಅಂಚಿಗೆ, ಇನ್ನೊಂದನ್ನು ಹೊರಕಂಬದ ಹಿಂಬದಿಗೆ, ಪರಸ್ಪರ 90 ಡಿಗ್ರಿ ಕೋನದಲ್ಲಿ ಕೂರಿಸುತ್ತಾರೆ. ಅಮೆರಿಕದ ಮೇಯೊ ಕ್ಲಿನಿಕ್ಕಿನ ಶಾನ್ ಓಡ್ರಿಸ್ಕಾಲ್ ಪ್ರಚುರಪಡಿಸಿದ ಕ್ರಮದಲ್ಲಿ ಎರಡು ಪ್ಲೇಟುಗಳೂ ಒಳ ಮತ್ತು ಹೊರ ಅಂಚುಗಳಲ್ಲಿ ಎದುರುಬದುರಾಗಿ ನಿಲ್ಲುತ್ತವೆ. ಎರಡೂ ಕಡೆಯಿಂದ ಬಂದ ಉದ್ದನೆಯ ಸ್ಕ್ರೂಗಳು ಕೆಳಚೂರಿನಲ್ಲಿ ಹೆಣೆದುಕೊಳ್ಳುವುದರಿಂದ, ಚೂರು ಚಿಕ್ಕದಾಗಿದ್ದು ಮೂಳೆ ಟೊಳ್ಳಾಗಿದ್ದಾಗ ಇದಕ್ಕೆ ಹಿಡಿತ ಹೆಚ್ಚು. ಪ್ರಯೋಗಾಲಯದಲ್ಲಿ ಎದುರುಬದುರು ಕ್ರಮ ಹಲವು ಬಾರಿ ಮುಂದಿದೆ. ರೋಗಿಗಳ ಚಲನೆ, ನೋವು, ಕೆಲಸದ ಸಾಮರ್ಥ್ಯಗಳಲ್ಲಿ ಮಾತ್ರ ಎರಡರ ನಡುವೆ ಸ್ಪಷ್ಟ ಅಂತರ ಕಂಡುಬಂದಿಲ್ಲ. ಮುರಿದ ಗೆರೆ ತೀರಾ ಕೆಳಗಿದ್ದರೆ ಎದುರುಬದುರು, ಹೊರಬದಿಯ ಮುಂಚೂರನ್ನು ಹಿಂದಿನಿಂದ ಹಿಡಿಯಬೇಕಿದ್ದರೆ ಲಂಬಕೋನದ ಕ್ರಮ ಎಂಬ ವಿವೇಚನೆ ಒಳ್ಳೆಯದು.

ಕೀಲನ್ನು ತೆರೆಯುವ ದಾರಿಗೂ ಬೆಲೆಯಿದೆ. ಓಲೆಕ್ರೆನಾನನ್ನು ಕತ್ತರಿಸಿ ಮೇಲಕ್ಕೆತ್ತಿದರೆ ಕೀಲಿನ ಮೇಲ್ಮೈ ಚೆನ್ನಾಗಿ ಕಾಣುತ್ತದೆ, ಆದರೆ ಕತ್ತರಿಸಿದ ಆ ಮೂಳೆಯನ್ನೂ ಜೋಡಿಸಬೇಕು, ಅದೂ ಕೂಡಬೇಕು. ತೋಳಿನ ಹಿಂಬದಿಯ ಟ್ರೈಸೆಪ್ಸ್ ಸ್ನಾಯುವಿನ ಎರಡೂ ಪಕ್ಕದಿಂದ ಒಳಹೋಗುವ ದಾರಿ ಸ್ನಾಯುವನ್ನು ಉಳಿಸುತ್ತದೆ, ನೋಟ ಕಿರಿದಾಗಿಸುತ್ತದೆ. ಕೀಲು ಹೆಚ್ಚು ಚೂರಾಗಿದ್ದರೆ ಮೊದಲನೆಯದು, ಸರಳವಾಗಿದ್ದರೆ ಎರಡನೆಯದು ಹೊಂದುತ್ತದೆ. ಯಾವ ದಾರಿಯಲ್ಲೇ ಹೋದರೂ ಅಲ್ನಾರ್ ನರವನ್ನು ಗುರುತಿಸಿ ಕಾಪಾಡುವುದು ಕಡ್ಡಾಯ.

ಹಿರಿಯರಲ್ಲಿ ಕೃತಕ ಕೀಲು

ಮೂಳೆ ಟೊಳ್ಳಾದ ಹಿರಿಯರಲ್ಲಿ ಹ್ಯೂಮರಸ್ ಕೆಳತುದಿ ಮುರಿದಾಗ ಸ್ಕ್ರೂಗಳಿಗೆ ಹಿಡಿತ ಸಿಗದೆ ಜೋಡಣೆ ಕುಸಿಯಬಹುದು. ಕೆನಡಾದ ಮೈಕೆಲ್ ಮೆಕ್ಕೀ ಮತ್ತು ತಂಡ 65 ದಾಟಿದ 42 ರೋಗಿಗಳನ್ನು ಪ್ಲೇಟು ಮತ್ತು ಪೂರ್ಣ ಕೃತಕ ಮೊಣಕೈ ಎಂಬ ಎರಡು ಗುಂಪುಗಳಿಗೆ ಹಂಚಿ ಹೋಲಿಸಿತು. 2009ರ ಈ ವರದಿಯಲ್ಲಿ ಎರಡು ವರ್ಷಗಳ ಬಳಿಕ ಕೃತಕ ಕೀಲಿನವರ ಮೊಣಕೈ ಕಾರ್ಯಕ್ಷಮತೆಯ ಅಂಕಗಳು ಮೇಲಿದ್ದವು. ಪ್ಲೇಟು ಹಾಕಲೆಂದು ನಿಗದಿಯಾದ ಐವರಿಗೆ ಶಸ್ತ್ರಚಿಕಿತ್ಸೆಯ ನಡುವೆಯೇ ಕೃತಕ ಕೀಲಿಗೆ ಬದಲಾಯಿಸಬೇಕಾಯಿತು.

ಆದರೆ ಕೃತಕ ಮೊಣಕೈ ಇರುವವರು ಜೀವಮಾನವಿಡೀ ಭಾರ ಎತ್ತುವುದರಲ್ಲಿ ಮಿತಿ ಪಾಲಿಸಬೇಕು. ವೈದ್ಯರು ಸಾಮಾನ್ಯವಾಗಿ ಹೇಳುವ ಮಿತಿ 2ರಿಂದ 5 ಕಿಲೋ. ತುಂಬಿದ ನೀರಿನ ಕೊಡ ಇದನ್ನು ಸುಲಭವಾಗಿ ಮೀರುತ್ತದೆ. ಹೊಲದಲ್ಲಿ ದುಡಿಯುವ ಅರವತ್ತೈದರ ಗಟ್ಟಿ ಜೀವಕ್ಕೆ ಈ ನಿರ್ಬಂಧ ಹೊರೆಯಾದೀತು. ಮನೆಯೊಳಗಿನ ಓಡಾಟಕ್ಕಷ್ಟೇ ಕೈ ಬಳಸುವ ಎಂಬತ್ತರ ಹಿರಿಯರಿಗೆ ಅದು ವರವಾದೀತು. ವಯಸ್ಸಿನ ಜೊತೆಗೆ ರೋಗಿಯ ದುಡಿಮೆಯನ್ನೂ ಕೇಳಿ ತಿಳಿದೇ ಇದನ್ನು ನಿರ್ಧರಿಸಬೇಕು.

ಓಲೆಕ್ರೆನಾನ್: ತಂತಿಯೋ ಪ್ಲೇಟೋ

ಮೊಣಕೈ ಊರಿದಾಗ ನೆಲಕ್ಕೆ ತಾಗುವ ಗಂಟೇ ಓಲೆಕ್ರೆನಾನ್. ಕೈ ಚಾಚುವ ಟ್ರೈಸೆಪ್ಸ್ ಸ್ನಾಯು ಇದಕ್ಕೆ ಅಂಟಿಕೊಂಡಿರುವುದರಿಂದ ಮುರಿದ ಚೂರು ಮೇಲಕ್ಕೆ ಸೆಳೆಯಲ್ಪಡುತ್ತದೆ.

ಟೆನ್ಷನ್ ಬ್ಯಾಂಡ್ ಹಳೆಯ, ಅಗ್ಗದ ವಿಧಾನ. ಎರಡು ಕೆ-ವೈರ್‌ಗಳನ್ನು ಚೂರಿನ ಮೂಲಕ ಹಾಯಿಸಿ, ಮೃದುವಾದ ತಂತಿಯನ್ನು ಎಂಟರ ಆಕಾರದಲ್ಲಿ ಸುತ್ತಿ ಬಿಗಿಯುತ್ತಾರೆ. ಕೈ ಮಡಚಿದಾಗ ಸ್ನಾಯುವಿನ ಎಳೆತವೇ ಕೀಲಿನ ಬದಿಯಲ್ಲಿ ಒತ್ತಡವಾಗಿ ಬದಲಾಗುತ್ತದೆ ಎಂಬುದು ಇದರ ಹಿಂದಿನ ತತ್ವ. ನಂತರದ ಪ್ರಯೋಗಾಲಯದ ಅಳತೆಗಳಲ್ಲಿ ಈ ಒತ್ತಡ ನಿರೀಕ್ಷಿಸಿದಷ್ಟು ಕಂಡಿಲ್ಲ, ಪ್ಲೇಟೇ ಹೆಚ್ಚು ಒತ್ತಿ ಹಿಡಿದಿದೆ. ಹಾಗಿದ್ದರೂ ಅಡ್ಡಲಾಗಿ ಎರಡೇ ತುಂಡಾದ ಸರಳ ಮುರಿತಕ್ಕೆ ಟೆನ್ಷನ್ ಬ್ಯಾಂಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಹಲವು ಚೂರಾದ ಮುರಿತವನ್ನು ಅದರಿಂದ ಬಿಗಿದರೆ ಕೀಲಿನ ಬಾಯಿ ಕಿರಿದಾಗುತ್ತದೆ. ಅಂಥದಕ್ಕೆ, ಓರೆಯಾಗಿ ಸಾಗಿದ ಮುರಿತಕ್ಕೆ, ಕೊರೊನಾಯ್ಡ್‌ವರೆಗೆ ಹೋದದ್ದಕ್ಕೆ, ಕೀಲು ತಪ್ಪಿದ್ದಕ್ಕೆ ಪ್ಲೇಟು ಬೇಕು.

ಎಡಿನ್‌ಬರೋದ ಆಂಡ್ರ್ಯೂ ಡಕ್‌ವರ್ತ್ ಮತ್ತು ಸಹೋದ್ಯೋಗಿಗಳು ಚೂರು ಸರಿದ ಸರಳ ಮುರಿತಗಳಿದ್ದ 67 ರೋಗಿಗಳಲ್ಲಿ ಎರಡನ್ನೂ ಹೋಲಿಸಿ 2017ರಲ್ಲಿ ವರದಿ ಮಾಡಿದರು. ಒಂದು ವರ್ಷದ ಬಳಿಕ ಕೈಯ ಕೆಲಸದಲ್ಲಿ ವ್ಯತ್ಯಾಸವಿರಲಿಲ್ಲ. ತಂತಿ ಚರ್ಮಕ್ಕೆ ಚುಚ್ಚಿ ಅದನ್ನು ತೆಗೆಸಿಕೊಂಡವರು ಸುಮಾರು ಅರ್ಧದಷ್ಟು, ಪ್ಲೇಟು ತೆಗೆಸಿಕೊಂಡವರು ಐದರಲ್ಲಿ ಒಬ್ಬರಷ್ಟು. ಸೋಂಕು ಮಾತ್ರ ಪ್ಲೇಟಿನವರಲ್ಲಿ ಕಂಡಿತು. ತಂತಿಯಲ್ಲಿ ಮೊದಲ ಖರ್ಚು ಕಡಿಮೆ, ಎರಡನೆಯ ಶಸ್ತ್ರಚಿಕಿತ್ಸೆಯ ಸಂಭವ ಹೆಚ್ಚು ಎಂಬುದನ್ನು ರೋಗಿಗೆ ಮೊದಲೇ ತಿಳಿಸುವುದು ನ್ಯಾಯ.

ಅದೇ ತಂಡ 75 ಮತ್ತು ಅದಕ್ಕೂ ಹೆಚ್ಚು ವಯಸ್ಸಿನವರಲ್ಲಿ ಶಸ್ತ್ರಚಿಕಿತ್ಸೆಯನ್ನು ಬರಿಯ ಜೋಳಿಗೆ ಮತ್ತು ವ್ಯಾಯಾಮದೊಂದಿಗೆ ಹೋಲಿಸತೊಡಗಿತು. 19 ರೋಗಿಗಳಾಗುವಷ್ಟರಲ್ಲೇ ಶಸ್ತ್ರಚಿಕಿತ್ಸೆಯಾದ 11 ಮಂದಿಯಲ್ಲಿ 9 ಮಂದಿಗೆ ತೊಡಕು ಕಂಡು ಅಧ್ಯಯನವನ್ನೇ ನಿಲ್ಲಿಸಬೇಕಾಯಿತು. ಕೀಲು ಭದ್ರವಾಗಿದ್ದು, ಕೈಯಿಂದ ಹೆಚ್ಚು ಬಲದ ಕೆಲಸ ಬಯಸದ ಹಿರಿಯರಲ್ಲಿ ಏನೂ ಜೋಡಿಸದಿರುವುದೂ ಗೌರವಾರ್ಹ ಚಿಕಿತ್ಸೆಯೇ. ಲೋಹದ ಕಿರುಕುಳ ತಪ್ಪಿಸಲು ಗಟ್ಟಿ ಹೊಲಿಗೆದಾರದಿಂದ ಬಿಗಿಯುವ ಕ್ರಮವೂ ಸರಳ ಮುರಿತಗಳಲ್ಲಿ ಬಳಕೆಗೆ ಬಂದಿದೆ.

ರೇಡಿಯಸ್ ತಲೆ: ಸ್ಕ್ರೂ, ಲೋಹದ ತಲೆ, ತೆಗೆದುಹಾಕುವಿಕೆ

ವಯಸ್ಕರ ಮೊಣಕೈ ಮುರಿತಗಳಲ್ಲಿ ಇದು ಬಹಳ ಸಾಮಾನ್ಯ. ಮೇಸನ್ 1954ರಲ್ಲಿ ಮಾಡಿದ ವರ್ಗೀಕರಣ ಇನ್ನೂ ಬಳಕೆಯಲ್ಲಿದೆ. ಸರಿಯದ ಬಿರುಕಿಗೆ ಕೆಲದಿನ ಜೋಳಿಗೆ, ಬಳಿಕ ವ್ಯಾಯಾಮ. ಒಂದೆರಡು ದೊಡ್ಡ ಚೂರು ಸರಿದು ಕೈ ತಿರುಗಲು ಅಡ್ಡಿಯಾದರೆ, ಮೇಲ್ಮೈಯೊಳಗೆ ಪೂರ್ತಿ ಹುದುಗುವ ತಲೆಯಿಲ್ಲದ ಸ್ಕ್ರೂಗಳು. ಪ್ಲೇಟು ಬೇಕಾದರೆ ಅಲ್ನಾಕ್ಕೆ ಎಂದೂ ತಾಗದ, ಸುಮಾರು 100 ಡಿಗ್ರಿಯಷ್ಟಿರುವ ಸುರಕ್ಷಿತ ಅಂಚಿನಲ್ಲೇ ಅದನ್ನು ಕೂರಿಸಬೇಕು.

ತಲೆ ಮೂರಕ್ಕಿಂತ ಹೆಚ್ಚು ಚೂರಾಗಿದ್ದರೆ ಜೋಡಣೆಯ ಫಲ ಚೆನ್ನಾಗಿರುವುದಿಲ್ಲ ಎಂದು ಡೇವಿಡ್ ರಿಂಗ್, ಜೆಸ್ಸಿ ಜುಪಿಟರ್ ಮುಂತಾದವರು 2002ರಲ್ಲಿ ತೋರಿಸಿದರು. ಆಗ ಲೋಹದ ಕೃತಕ ತಲೆ ಉತ್ತಮ. ಅದರ ಎತ್ತರ ಅಳತೆ ಮೀರಿದರೆ ಎದುರಿನ ಮೃದ್ವಸ್ಥಿ ಸವೆಯುತ್ತದೆ. ಹಿಂದೆ ಬಳಸುತ್ತಿದ್ದ ಸಿಲಿಕೋನ್ ತಲೆಗಳು ಒಡೆದು, ಅವುಗಳ ಪುಡಿಯಿಂದ ಕೀಲು ಊದಿಕೊಳ್ಳುತ್ತಿದ್ದುದರಿಂದ ಅವು ಬಳಕೆ ತಪ್ಪಿವೆ. ತಲೆಯನ್ನು ತೆಗೆದುಹಾಕಿ ಹಾಗೇ ಬಿಡುವುದು ಅಗ್ಗ. ಆದರೆ ಲಿಗಮೆಂಟುಗಳು ಅಥವಾ ಎರಡು ಮುಂಗೈ ಮೂಳೆಗಳ ನಡುವಿನ ಪೊರೆ ಹರಿದಿದ್ದರೆ ರೇಡಿಯಸ್ ಮೇಲಕ್ಕೆ ಸರಿದು ಮಣಿಕಟ್ಟು ಕೆಡುತ್ತದೆ. 1951ರಲ್ಲಿ ಎಸೆಕ್ಸ್-ಲೊಪ್ರೆಸ್ಟಿ ವಿವರಿಸಿದ ಗಾಯ ಇಂಥದು. ಹಾಗಾಗಿ ಮಣಿಕಟ್ಟಿನಲ್ಲಿ ನೋವಿದೆಯೇ ಎಂದು ಪರೀಕ್ಷಿಸದೆ ತಲೆ ತೆಗೆಯಬಾರದು.

ಮೂರೂ ಒಟ್ಟಿಗೆ ಆದಾಗ

ಕೀಲು ತಪ್ಪುವಿಕೆ, ರೇಡಿಯಸ್ ತಲೆಯ ಮುರಿತ, ಕೊರೊನಾಯ್ಡ್ ಮುರಿತ ಮೂರೂ ಒಟ್ಟಿಗೆ ಬಂದರೆ ಮೊಣಕೈ ಪದೇಪದೇ ಜಾರುತ್ತದೆ. ಹಿಂದೆ ಇದರ ಫಲ ಬಹಳ ಕೆಟ್ಟದಾಗಿತ್ತು, ಅದಕ್ಕೇ ಇದನ್ನು ಘೋರ ತ್ರಿವಳಿ ಎಂದು ಕರೆದರು. 2004ರಲ್ಲಿ ಪ್ಯೂ, ಮೆಕ್ಕೀ ಮುಂತಾದವರು ಪ್ರಕಟಿಸಿದ ಕ್ರಮಬದ್ಧ ವಿಧಾನ ಈ ಚಿತ್ರವನ್ನು ಬದಲಿಸಿತು. ಆಳದಿಂದ ಹೊರಕ್ಕೆ ಬರುವುದು ಅದರ ಮಾರ್ಗ. ಮೊದಲು ಕೊರೊನಾಯ್ಡ್, ಆಮೇಲೆ ರೇಡಿಯಸ್ ತಲೆಯ ಜೋಡಣೆ ಅಥವಾ ಬದಲಾವಣೆ, ಕೊನೆಗೆ ಹೊರಬದಿಯ ಲಿಗಮೆಂಟ್. ಇಷ್ಟಾದರೂ ಕೀಲು ನಿಲ್ಲದಿದ್ದರೆ ಒಳಬದಿಯ ಲಿಗಮೆಂಟ್ ದುರಸ್ತಿ ಅಥವಾ ಮಡಚಲು ಬಿಡುವ ಹೊರಚೌಕಟ್ಟು.

ಕೊರೊನಾಯ್ಡ್‌ನ ಚಿಕ್ಕ ಚೂರಿಗೆ ಸ್ಕ್ರೂ ಹಾಕಿದರೆ ಚೂರೇ ಒಡೆಯಬಹುದು. ಅಂಥಲ್ಲಿ ಅಲ್ನಾದ ಮೂಲಕ ದಾರ ಹಾಯಿಸಿ ಚೂರನ್ನೂ ಕೀಲಿನ ಕೋಶವನ್ನೂ ಒಟ್ಟಿಗೆ ಬಿಗಿಯುವುದು ಹೆಚ್ಚು ಭದ್ರ. ಚೂರು ದೊಡ್ಡದಿದ್ದರೆ ಸ್ಕ್ರೂ, ಒಳಬದಿಯ ಮುಖ ಮುರಿದಿದ್ದರೆ ಆನಿಸಿ ನಿಲ್ಲಿಸುವ ಚಿಕ್ಕ ಪ್ಲೇಟು ಸೂಕ್ತ.

ತೆರೆದ ಗಾಯ

ಬಸ್ಸಿನ ಕಿಟಕಿಯಿಂದ ಮೊಣಕೈ ಹೊರಚಾಚಿ ಕೂತವರಿಗೆ ಎದುರಿನ ವಾಹನ ಉಜ್ಜಿ ಆಗುವ ಗಾಯ ನಮ್ಮ ರಸ್ತೆಗಳಲ್ಲಿ ಅಪರೂಪವಲ್ಲ. ಚರ್ಮ, ಸ್ನಾಯು, ನರ, ಮೂಳೆ ಎಲ್ಲವೂ ಒಮ್ಮೆಗೇ ಜಜ್ಜಿರುತ್ತವೆ. ಇಲ್ಲಿ ಮೊದಲ ಕೆಲಸ ತಡಮಾಡದೆ ಪ್ರತಿಜೀವಕ ಕೊಟ್ಟು, ಗಾಯ ತೊಳೆದು, ಸತ್ತ ಮಾಂಸ ತೆಗೆಯುವುದು. ತೋಳು ಮತ್ತು ಮುಂಗೈಗೆ ಪಿನ್ನುಗಳನ್ನು ಹಾಕಿ ಕೀಲನ್ನು ದಾಟುವ ಹೊರಚೌಕಟ್ಟು ಕಟ್ಟಿದರೆ ಗಾಯದ ಆರೈಕೆಗೆ ಜಾಗ ಸಿಗುತ್ತದೆ. ಮಾಂಸ ಆರೋಗ್ಯಕ್ಕೆ ಮರಳಿದ ಮೇಲೆ ಪ್ಲೇಟು ಹಾಕಬಹುದು. ಚೌಕಟ್ಟು ಹೆಚ್ಚು ದಿನ ಉಳಿದಷ್ಟೂ ಕೀಲು ಬಿಗಿಯುತ್ತದೆ, ಪಿನ್ನಿನ ದಾರಿಯಲ್ಲಿ ಸೋಂಕಿನ ಅಪಾಯವೂ ಏರುತ್ತದೆ.

ತೊಡಕುಗಳು ಮತ್ತು ಆರೈಕೆ

ಬಿಗಿತ ಎಲ್ಲ ವಿಧಾನಗಳಿಗೂ ಸಾಮಾನ್ಯವಾದ ತೊಡಕು. ಸೋಂಕು, ಮೂಳೆ ಕೂಡದಿರುವುದು, ಲೋಹದ ಕಿರುಕುಳ, ಅಲ್ನಾರ್ ನರದ ಜೋಮು ಉಳಿದವು. ಕೀಲಿನ ಸುತ್ತಲಿನ ಸ್ನಾಯುವಿನಲ್ಲಿ ಹೊಸ ಮೂಳೆ ಬೆಳೆದು ಚಲನೆಗೆ ತಡೆಯಾಗುವುದೂ ಉಂಟು. ಇದನ್ನು ತಪ್ಪಿಸಲು ಗಾಯವಾದ ಕೂಡಲೇ ವಿಕಿರಣ ಕೊಟ್ಟು ನೋಡಿದ ಅಮೆರಿಕದ ಅಧ್ಯಯನವೊಂದು ಮೂಳೆ ಕೂಡದವರ ಸಂಖ್ಯೆ ಏರಿದ್ದರಿಂದ ಅರ್ಧಕ್ಕೇ ನಿಂತಿತು. 2010ರ ಆ ವರದಿಯ ಪ್ರಕಾರ ವಿಕಿರಣ ಪಡೆದವರಲ್ಲಿ ಶೇ. 38, ಪಡೆಯದವರಲ್ಲಿ ಶೇ. 4 ಮಂದಿಗೆ ಮೂಳೆ ಕೂಡಿರಲಿಲ್ಲ.

ಜೋಡಣೆ ಭದ್ರವಾಗಿದ್ದರೆ ವಯಸ್ಕರು ಕೆಲವೇ ದಿನಗಳಲ್ಲಿ ವ್ಯಾಯಾಮ ಆರಂಭಿಸುತ್ತಾರೆ. ರೋಗಿ ತಾನಾಗಿಯೇ ಮಡಚಿ ಚಾಚಬೇಕು, ಬೇರೆಯವರು ಬಲವಂತವಾಗಿ ಬಗ್ಗಿಸಬಾರದು. ಮಕ್ಕಳಲ್ಲಿ ತಂತಿ ತೆಗೆದ ಮೇಲೆ ಆಟದಿಂದಲೇ ಚಲನೆ ಬಹುಮಟ್ಟಿಗೆ ಮರಳುತ್ತದೆ. ಪೆಟ್ಟಾದ ಮೊಣಕೈಗೆ ಎಣ್ಣೆ ಹಚ್ಚಿ ನೀವಿಸುವುದು, ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿಸುವುದು ಕರ್ನಾಟಕದ ಹಳ್ಳಿ-ಪಟ್ಟಣಗಳಲ್ಲಿ ಇನ್ನೂ ಇದೆ. ನೀವುವುದರಿಂದ ಸ್ನಾಯುವಿನಲ್ಲಿ ಮೂಳೆ ಬೆಳೆಯುವ ಅಪಾಯವಿದೆ. ಊದಿದ ಕೈಗೆ ಬಿಗಿ ಕಟ್ಟು ಬಿದ್ದರೆ ರಕ್ತ ಹರಿವು ನಿಲ್ಲಬಹುದು.

ತುಲನೆಯ ಸಾರ

ಮಕ್ಕಳ ಸುಪ್ರಾಕಾಂಡೈಲರ್ ಮುರಿತಕ್ಕೆ ಹೊರಬದಿಯ ತಂತಿಗಳು ಮೊದಲ ಆಯ್ಕೆ, ಅಗತ್ಯ ಬಿದ್ದರೆ ಎಚ್ಚರದಿಂದ ಒಳಬದಿಯದು. ವಯಸ್ಕರ ಹ್ಯೂಮರಸ್ ಕೆಳತುದಿಗೆ ಎರಡು ಪ್ಲೇಟುಗಳು ಬೇಕೇಬೇಕು, ಅವುಗಳ ಕೋನ ಎರಡನೆಯ ಮಾತು. ಸರಳ ಓಲೆಕ್ರೆನಾನ್ ಮುರಿತಕ್ಕೆ ತಂತಿಯೂ ಪ್ಲೇಟೂ ಸಮ, ಚೂರಾದದ್ದಕ್ಕೆ ಪ್ಲೇಟು. ನುಚ್ಚಾದ ರೇಡಿಯಸ್ ತಲೆಗೆ ಲೋಹದ ತಲೆ. ಮೂಳೆ ಟೊಳ್ಳಾದ ಹಿರಿಯರಿಗೆ ಕೃತಕ ಕೀಲು, ಕೆಲವರಿಗೆ ಬರಿಯ ಜೋಳಿಗೆ.

ಓದುಗರು ನೆನಪಿಡಬೇಕಾದದ್ದು ಇಷ್ಟು: ಮಗು ಬಿದ್ದು ಮೊಣಕೈ ಊದಿದರೆ ನೀವಿಸದೆ, ಬಿಗಿಯಾಗಿ ಕಟ್ಟದೆ, ಇದ್ದ ಸ್ಥಿತಿಯಲ್ಲೇ ಆಸರೆ ಕೊಟ್ಟು ಎಕ್ಸ್‌ರೇ ಸೌಲಭ್ಯವಿರುವ ಆಸ್ಪತ್ರೆಗೆ ಅದೇ ದಿನ ಕರೆದೊಯ್ಯಿರಿ. ಬೆರಳು ತಣ್ಣಗಾದರೆ, ಬಿಳಿಚಿದರೆ, ಚಾಚಿಸಿದಾಗ ಮಗು ನೋವಿನಿಂದ ಚೀರಿದರೆ ಒಂದು ಗಂಟೆಯೂ ಕಾಯಬೇಡಿ.